ಹೋಗಿ ಬರ್ತೀನಿ ಅಂದ ಲಾಟೀನಿನವಳು

ಕಾಜಮ್ಮನ ಬೆರಳಿಗೆ ಕಣ್ಣಿದೆ ಎಂದು ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಂಗಿ ಗುಂಡಿ, ಕೋಟಿನ ಗುಂಡಿ, ದಿಂಬಿನ ಚೀಲದ ಗುಂಡಿ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಕೊಟ್ಟರೂ, ಅವಳು ಗೋಡೆ ನೋಡುತ್ತ, ಯಾರ ಮಾತಿಗೋ ಹೂಂಗುಡುತ್ತ, ಎರಡು ತೂತಿನದು ಒಂದು ಕಡೆ, ನಾಲ್ಕು ತೂತಿನದು ಇನ್ನೊಂದು ಕಡೆ, ಬೆನ್ನಿಗೆ ಕೊಂಡಿ ಇರುವುದು ಮತ್ತೊಂದು ಕಡೆ ಎಂದು ಬೇರೆ ಮಾಡಿಬಿಡುತ್ತಿದ್ದಳು. ಗುಂಡಿ ತೂರುವ ಜಾಗವನ್ನು ಸೀಳಿ ಅದರ ಅಂಚಿಗೆ ದಾರ ಸುತ್ತುವುದಕ್ಕೆ ಕಾಜಾ ಎನ್ನುತ್ತಾರೆ. ಅದೇ ಅವಳ ಕೆಲಸ, ಅದರಿಂದಲೇ ಅವಳ ಹೆಸರು. ತಾಯಿ ಇಟ್ಟ ಹೆಸರು ಬೇರೆ ಇತ್ತು. ಆ ಹೆಸರು ಹಿಡಿದು ಕರೆಯುತ್ತಿದ್ದವಳು ಅಕ್ಕ ಒಬ್ಬಳೇ, ಅದೂ ಸಿಟ್ಟು ಬಂದಾಗ. ಸಿಟ್ಟಿಲ್ಲದಾಗ ಪುಟ್ಟಿ.

ತಾಯಿ ಬೇಗ ಹೋದ ಮೇಲೆ ಪುಟ್ಟಿಯನ್ನು ಸಾಕಿದವಳು ಅಕ್ಕ. ಇಬ್ಬರೂ ಒಂದೇ ಅಂಗಡಿಯಲ್ಲಿ ದುಡಿದರು. ಅಕ್ಕ ಅಂಚು ಮಡಿಸುತ್ತಿದ್ದಳು, ಹೊಲಿದದ್ದನ್ನು ಮನೆಮನೆಗೆ ಮುಟ್ಟಿಸಿ ಬರುತ್ತಿದ್ದಳು. ಹುಟ್ಟುವಾಗಲೇ ಅಕ್ಕನಿಗೆ ಬಾಯಿ, ತಂಗಿಗೆ ಕೈ ಎಂದು ಯಾರೋ ಪಾಲು ಮಾಡಿ ಕೊಟ್ಟ ಹಾಗಿತ್ತು. ಅಕ್ಕ ಬೀದಿಯ ತುದಿಯಿಂದ ಅಂಗಡಿಗೆ ಬರುವಷ್ಟರಲ್ಲಿ ಕಂಡದ್ದನ್ನು ಹೇಳಿದರೆ ಅರ್ಧ ಕೋಟು ಹೊಲಿದು ಮುಗಿಯುತ್ತಿತ್ತು. ತಂಗಿ ಇಡೀ ದಿನದಲ್ಲಿ ಆಡಿದ್ದನ್ನು ಒಂದು ಕಾಜಾದೊಳಗೆ ತೂರಿಸಬಹುದಿತ್ತು.

ಅಂಗಡಿ ಎಂದರೆ ಒಂದು ಉದ್ದನೆ ಕೋಣೆ. ನಡುವೆ ಬಟ್ಟೆ ಕತ್ತರಿಸುವ ಮೇಜು, ಅದರ ಅಂಚು ಹೊಟ್ಟೆ ತಾಗಿ ತಾಗಿ ನುಣುಪಾಗಿತ್ತು. ಕಿಟಕಿಯ ಹತ್ತಿರ ಇಸ್ತ್ರಿ ಮಾಡುವ ಜಾಗ, ಹಿಂದೆ ಬಟ್ಟೆ ಹಾಕಿ ನೋಡುವವರಿಗೆ ಒಂದು ಮೂಲೆ, ಆ ಮೂಲೆಗೆ ನೆಲ ಮುಟ್ಟದ ಪರದೆ. ಅಂಗಡಿಯ ಯಜಮಾನರು ಟೈಲರ್ ಮಾಸ್ತರು. ಆಳು ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರದಷ್ಟು ದಪ್ಪ, ದನಿಯೂ ಹಾಗೇ. ಇಸ್ತ್ರಿ ಮಾಡುವವನನ್ನು ಎಲ್ಲರೂ ಇಸ್ತ್ರಿಯಣ್ಣ ಎನ್ನುತ್ತಿದ್ದರು. ಮಡಿಸಿ ಇಟ್ಟರೆ ಅಂಗಿಯ ಜೊತೆ ಹೋಗಿಬಿಡುವ ಹಾಗಿದ್ದ.

ಆಟ ಬಂದದ್ದು ಹೀಗೆ. ಒಂದು ದೊಡ್ಡ ಮನೆಗೆ ಕಿಟಕಿ ಪರದೆ ಕೊಟ್ಟು ಬರಲು ಹೋದ ಅಕ್ಕ ಹೊತ್ತು ಮುಳುಗಿದರೂ ಬರಲಿಲ್ಲ. ಬಂದವಳ ಮುಖ ಹೊಸ ಬಟ್ಟೆ ತೊಟ್ಟವರ ಹಾಗಿತ್ತು. ಆ ಮನೆಯಲ್ಲಿ ಕೆಲವರು ಮೇಜಿನ ಸುತ್ತ ಕೂತು ಒಂದು ಆಟ ಆಡುತ್ತಿದ್ದರಂತೆ. ಯಜಮಾನಿಗಾಗಿ ಕಾಯುವ ನೆಪ ಮಾಡಿಕೊಂಡು ಇವಳು ಮೆಟ್ಟಿಲ ಮೇಲೆ ಕೂತು ಎಲ್ಲ ನೋಡಿ ಬಂದಿದ್ದಳು.

"ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬರು ಕಥೆ ಹೇಳ್ತಾರೆ, ಮಿಕ್ಕವರು ಕಥೆ ಒಳಗೆ ಇಳೀತಾರೆ. ಒಬ್ಬ ಕಳ್ಳ, ಒಬ್ಬ ವೈದ್ಯ, ಹೀಗೆ. ಎದುರಿಗೆ ಹುಲಿ ಬಂತು ಅಂತ ಕಥೆ ಹೇಳೋರು ಅಂದ್ರೆ, ಏನು ಮಾಡ್ತೀನಿ ಅನ್ನೋದನ್ನ ಅವರವರೇ ಹೇಳ್ಬೇಕು. ಆಗುತ್ತೋ ಇಲ್ಲವೋ ಅನ್ನೋದನ್ನ ದಾಳ ಹೇಳುತ್ತೆ. ಎಷ್ಟೊಂದು ಮುಖದ ದಾಳ ಅಂತೀರಿ."

"ಕೊನೇಗೆ ಗೆಲ್ಲೋರು ಯಾರು?" ಎಂದರು ಮಾಸ್ತರು.

"ಯಾರೂ ಇಲ್ಲ."

"ಮತ್ಯಾಕೆ ಆಡ್ತಾರೆ?"

"ಮುಂದೇನಾಗುತ್ತೆ ಅಂತ."

ಮಾಸ್ತರು ಕತ್ತರಿ ಕೆಳಗಿಟ್ಟರು. ಅಂಗಡಿ ಮುಚ್ಚುವ ಹೊತ್ತಿನ ಆಟ ಅಂದಿನಿಂದ ಶುರುವಾಯಿತು. ಕಥೆ ಹೇಳುವವಳು ಅಕ್ಕ.

ದಾಳ ಎಲ್ಲಿಂದ ತರುವುದು? ಅಂಗಡಿಯಲ್ಲಿದ್ದದ್ದು ಗುಂಡಿ. ಒಂದು ಹಳೆ ಬಿಸ್ಕತ್ತಿನ ಡಬ್ಬಿಗೆ ಬಗೆಬಗೆಯ ಗುಂಡಿ ಹಾಕಿ, ಅದು ಆಟದ್ದು, ಯಾರೂ ಅಂಗಿಗೆ ಹಚ್ಚಕೂಡದು ಎಂದು ಎತ್ತಿಟ್ಟರು. ನೋಡದೆ ಕೈ ಹಾಕಿ ಒಂದು ತೆಗೆಯಬೇಕು. ನಾಲ್ಕು ತೂತಿನದು ಬಂದರೆ ಅಂದುಕೊಂಡದ್ದು ಆಯಿತು. ಎರಡು ತೂತಿನದಾದರೆ ಕೆಟ್ಟಿತು. ಕೊಂಡಿಯದು ಬಂದರೆ ಯಾರೂ ಎಣಿಸದ್ದು ಏನೋ ಆಗುತ್ತದೆ, ಅದು ಅಕ್ಕನ ಮರ್ಜಿ. ಕಾಜಮ್ಮ ಕೈ ಹಾಕಿದಾಗಲೆಲ್ಲ ನಾಲ್ಕು ತೂತಿನದೇ ಬರುತ್ತಿತ್ತು. ಅವಳು ಬೇಕೆಂದು ಮಾಡುತ್ತಿರಲಿಲ್ಲ, ಬೆರಳು ತಾನೇ ಓದಿಬಿಡುತ್ತಿತ್ತು. ಇಸ್ತ್ರಿಯಣ್ಣ ರಗಳೆ ತೆಗೆದ. ಆಮೇಲೆ ಅವಳೊಬ್ಬಳ ಪಾಲಿಗೆ ಗುಂಡಿಯನ್ನು ಅಕ್ಕನೇ ತೆಗೆಯಬೇಕು ಎಂದಾಯಿತು.

ಇನ್ನೊಂದು ಕಟ್ಟಳೆ ಇತ್ತು. ಅದನ್ನು ಅಕ್ಕ ಆ ಮನೆಯ ಮೆಟ್ಟಿಲ ಮೇಲೆ ಅರ್ಧ ಕೇಳಿಸಿಕೊಂಡು, ಉಳಿದರ್ಧ ತಾನೇ ಹೊಲಿದು ಪೂರ್ತಿ ಮಾಡಿದ್ದಳು. ಮೇಜಿನ ಮುಂದೆ ಬಾಯಿಂದ ಬಿದ್ದ ಮಾತು ಬಿದ್ದದ್ದೇ. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ದೊಡ್ಡ ಮನೆಯವರು ಅಷ್ಟು ಬಿಗಿಯಾಗಿ ಆಡುತ್ತಿದ್ದರೋ ಇಲ್ಲವೋ, ಈ ಅಂಗಡಿಯಲ್ಲಂತೂ ಅದು ಕೋರ್ಟಿನ ತೀರ್ಪಾಯಿತು.

ಮೊದಲು ಸಿಕ್ಕಿಬಿದ್ದವನು ಇಸ್ತ್ರಿಯಣ್ಣ. ಆ ಕಡ್ಡಿ ಆಳು ಆಟದಲ್ಲಿ ರಾಕ್ಷಸನಂಥ ಜಟ್ಟಿಯಾಗಿದ್ದ. ಒಂದು ಸಂಜೆ ಜಟ್ಟಿ ಕೋಟೆಯ ಬಾಗಿಲು ಮುರಿಯುತ್ತಿರುವಾಗ ಇಸ್ತ್ರಿಯಣ್ಣನ ಮೊಣಕೈ ಬಿಸಿ ಇಸ್ತ್ರಿಪೆಟ್ಟಿಗೆಗೆ ತಾಗಿತು.

"ಅಯ್ಯೋ, ಸತ್ತೆ ನಾನು."

ಅಕ್ಕ ಕಥೆ ನಿಲ್ಲಿಸಿದಳು. "ಸತ್ತೆಯಾ?"

"ಕೈ ಸುಟ್ಟಿತು ಕಣಮ್ಮ."

"ಸತ್ತೆ ಅಂದೆಯಲ್ಲ. ಬಾಗಿಲು ಬಿತ್ತು. ಅದರಡಿ ಜಟ್ಟಿ ಸತ್ತ."

"ಇದೊಳ್ಳೆ ಕಥೆಯಾಯ್ತು. ಮಾಸ್ತರ್ರೇ, ನೀವಾದ್ರೂ ಹೇಳಿ."

ಆಟದಲ್ಲಿ ಪುಕ್ಕಲು ಕಳ್ಳನಾಗಿದ್ದ ಮಾಸ್ತರು, ತಮ್ಮ ಆನೆ ಮೈಯನ್ನು ಮೇಜಿನ ಕೆಳಗೆ ಆದಷ್ಟು ಅಡಗಿಸಿಕೊಂಡು ಕೂತಿದ್ದರು. "ನಾನು ಬಚ್ಚಿಟ್ಟುಕೊಂಡಿದ್ದೀನಿ, ನನಗೇನೂ ಕಾಣಿಸ್ಲಿಲ್ಲ," ಎಂದರು. ಇಸ್ತ್ರಿಯಣ್ಣ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಜಟ್ಟಿಯ ತಮ್ಮನಾಗಿ ಬಂದು ಕೂತ.

ಜಟ್ಟಿ ಸತ್ತ ದಿನ ಕಾಜಮ್ಮ ಒಂದು ಪಾಠ ಕಲಿತಳು: ಇಲ್ಲಿ ಆಡಿದ ಮಾತೇ ಆಗುತ್ತದೆ. ಅವಳು ಆಟದಲ್ಲಿ ಲಾಟೀನಿನವಳು. ಎಲ್ಲರಿಗಿಂತ ಮುಂದೆ ಹೋಗಿ ದಾರಿ ಇದೆಯೋ ಇಲ್ಲವೋ ನೋಡಿ ಬರುವುದು ಅವಳ ಕೆಲಸ. ಅವಳು ಅದನ್ನೇ ಆರಿಸಿಕೊಂಡದ್ದು ಮಾತು ಕಡಿಮೆ ಎಂದು. ಗುಹೆಯ ಬಾಯಲ್ಲಿ, ಹಾಳು ಮನೆಯ ಅಟ್ಟದ ಮೆಟ್ಟಿಲಲ್ಲಿ, ಎಲ್ಲಿ ಹೊರಡುವುದಿದ್ದರೂ ಅವಳು ಒಂದೇ ಮಾತು ಹೇಳುತ್ತಿದ್ದಳು: "ನಾನು ಹೋಗಿ ಬರ್ತೀನಿ."

ದಿನಕ್ಕೆ ಎಷ್ಟು ಸಲ ಆಡುವ ಮಾತು. ಆದರೆ ಮೇಜಿನ ಮುಂದೆ ಅದು ಬೇರೆಯೇ ಆಯಿತು. ಅಕ್ಕ ಒಂದು ಸಲ ತಲೆ ಕೆರೆದುಕೊಂಡು, "ಬರ್ತೀನಿ ಅಂದಿದ್ದಾಳೆ. ಇನ್ನು ಬರಲೇಬೇಕು," ಎಂದಳು. ಎರಡು ತೂತಿನ ಗುಂಡಿ ಬಂದರೂ ಲಾಟೀನಿನವಳು ಸಾಯುತ್ತಿರಲಿಲ್ಲ. ಕಾಲು ಉಳುಕಿ ಬರುತ್ತಿದ್ದಳು, ಲಾಟೀನು ಕಳಕೊಂಡು ಬರುತ್ತಿದ್ದಳು, ಒಮ್ಮೆ ಕರಡಿಯೊಂದನ್ನು ಬೆನ್ನಿಗೆ ಹಾಕಿಕೊಂಡೇ ಬಂದಳು. ಬರುವುದಂತೂ ತಪ್ಪುತ್ತಿರಲಿಲ್ಲ. "ಇವಳು ಕಾಜಾಕ್ಕೆ ದಾರ ಸುತ್ತಿದ ಹಾಗೆ ಮಾತಿಗೂ ಸುತ್ತಿದ್ದಾಳೆ, ಬಿಚ್ಚೋಕಾಗಲ್ಲ," ಎಂದು ಮಾಸ್ತರು ನಗುತ್ತಿದ್ದರು. ಕಾಜಮ್ಮ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಳಗೊಳಗೆ ಹಿಗ್ಗು.

ಆಮೇಲೆ ಸೇತುವೆಯ ದಿನ ಬಂತು. ಅಕ್ಕ ಎರಡು ಹೊಲಿಗೆ ಯಂತ್ರಗಳ ನಡುವೆ ಅಳತೆಯ ಟೇಪು ಕಟ್ಟಿದಳು. ಅದು ಹಗ್ಗದ ಸೇತುವೆ, ಕೆಳಗೆ ತಳ ಕಾಣದ ಕಮರಿ, ಆಚೆ ಪೂರ್ತಿ ಮಂಜು. ಜಟ್ಟಿಯ ತಮ್ಮನ ತೊಡೆಗೆ ಬಾಣ ನಾಟಿತ್ತು. ಕಳ್ಳ ಕಣ್ಣು ಮುಚ್ಚಿ ಕೂತಿದ್ದ. ಹಿಂದಿನಿಂದ ವೈರಿಗಳ ಸದ್ದು. ಆಚೆ ನೆಲ ಇದೆಯೋ ಇಲ್ಲವೋ ಯಾರಾದರೂ ನೋಡಿ ಬರಬೇಕು.

"ಲಾಟೀನಿನವಳೇ, ಏನು ಮಾಡ್ತೀಯ?"

"ನಾನು ಹೋಗಿ ಬರ್ತೀನಿ."

ಅಕ್ಕ ಡಬ್ಬಿಗೆ ಕೈ ಹಾಕಿದಳು. ಒಳಗೆ ಗುಂಡಿಗಳು ಗಲಗಲ ಎಂದವು.

"ಮುಂದೇನಾಯ್ತು?" ಎಂದು ಪರದೆಯ ಹಿಂದಿನಿಂದ ಒಂದು ದನಿ ಬಂತು.

ಎಲ್ಲರೂ ಬೆಚ್ಚಿ ಬಿದ್ದರು. ಪ್ಯಾಂಟಿನ ಅಂಚು ಬಿಚ್ಚಿಸಲು ಬಂದಿದ್ದ ಗಿರಾಕಿಯೊಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿ ಮರೆತೇಬಿಟ್ಟಿದ್ದರು. ಅವನ ಪ್ಯಾಂಟು ಮೇಜಿನ ಮೇಲೆ, ಅವನು ಪರದೆಯ ಹಿಂದೆ, ಕೆಳಗೆ ಎರಡು ಬರಿಗಾಲು. ಅಷ್ಟು ಹೊತ್ತೂ ಅವನು ನಿಂತೇ ಕಥೆ ಕೇಳಿದ್ದ. ಪ್ಯಾಂಟು ತೊಟ್ಟು ಹೊರಗೆ ಬಂದವನು ಅಕ್ಕನ ಕೈ ಹಿಡಿದುಕೊಂಡ. ತಾನು ರೇಡಿಯೋದಲ್ಲಿ ನಾಟಕ ಮಾಡಿಸುವವನು, ನೀವು ಇದನ್ನು ನಮ್ಮಲ್ಲಿಗೆ ಬಂದು ಹೇಳಬೇಕು, ಬರೆಯುವವರನ್ನು ನಾನು ಕೊಡುತ್ತೇನೆ ಎಂದ. ಅಕ್ಕ ಡಬ್ಬಿಯಿಂದ ಬರಿಗೈ ಹೊರಗೆ ತೆಗೆದಳು. ಸೇತುವೆಯ ಮೇಲೆ ಲಾಟೀನಿನವಳು ನಿಂತೇ ಇದ್ದಳು.

ರೇಡಿಯೋದ ಊರು ದೂರ. ಹೊರಡುವ ದಿನ ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿ ಹೊಸ್ತಿಲಲ್ಲಿ ನಿಂತಳು. ತಂಗಿಯ ಕೆನ್ನೆಗೆ ಅಂಟಿದ್ದ ದಾರದ ಎಳೆಯನ್ನು ತೆಗೆದಳು.

"ಹೋಗಿ ಬರ್ತೀನಿ ಪುಟ್ಟಿ. ಟೇಪು ಬಿಚ್ಚಬೇಡಿ."

ಟೇಪನ್ನು ಮರುದಿನವೇ ಬಿಚ್ಚಬೇಕಾಯಿತು. ಅಂಗಡಿಗೆ ಇದ್ದದ್ದು ಅದೊಂದೇ ಒಳ್ಳೆಯ ಟೇಪು, ಗಿರಾಕಿಯ ಸೊಂಟ ಕಾಯುವುದಿಲ್ಲ.

ನಾಟಕ ರೇಡಿಯೋದಲ್ಲಿ ಬಂದಾಗ ಅಂಗಡಿಯವರೆಲ್ಲ ಯಂತ್ರ ನಿಲ್ಲಿಸಿ ಕೇಳಿದರು. ಜಟ್ಟಿ ಬಾಯಿ ತೆರೆದ ಕೂಡಲೇ ಇಸ್ತ್ರಿಯಣ್ಣ, "ಇದು ಜಟ್ಟಿಯೋ ಮೇಕೆಯೋ?" ಎಂದ. ಕಳ್ಳನಿಗೆ ಒಳ್ಳೆಯ ದನಿ ಸಿಕ್ಕಿದೆ ಎಂದು ಮಾಸ್ತರು ಮೀಸೆ ತಿರುವಿದರು. ಲಾಟೀನಿನವಳ ದನಿ ಜೇನು ಸುರಿದ ಹಾಗಿತ್ತು. ಕಾಜಮ್ಮನಿಗೆ ನಾಚಿಕೆಯಾಯಿತು, ಬೇರೆಯವರ ಒಡವೆ ಹಾಕಿಕೊಂಡು ಬೀದಿಗೆ ಬಂದ ಹಾಗೆ. ವಾರ ವಾರ ಕಥೆ ಮುಂದೆ ಹೋಯಿತು. ಕೊನೆಗೆ ಸೇತುವೆ ಬಂತು. ಗಾಳಿಯ ಸದ್ದು, ಹಗ್ಗ ಕಿರುಗುಟ್ಟುವ ಸದ್ದು. ಜೇನಿನ ದನಿ ಹೇಳಿತು: "ನಾನು ಹೋಗುತ್ತೇನೆ."

ಆಮೇಲೆ ಲಾಟೀನಿನ ಗಾಜು ಒಡೆದ ಸದ್ದು. ಆಮೇಲೆ ಸಂಗೀತ.

ಇಸ್ತ್ರಿಯಣ್ಣ ರೇಡಿಯೋ ಆರಿಸಿದ. ಸಂಜೆ ಮಾಸ್ತರು ಒಂದು ಕೋಟನ್ನು ಎತ್ತಿ ಬೆಳಕಿಗೆ ಹಿಡಿದರು. ಗಂಡಸಿನ ಕೋಟಿಗೆ ಕಾಜಾ ಎಡಕ್ಕೆ. ಕಾಜಮ್ಮ ಬಲಕ್ಕೆ ಸೀಳಿಬಿಟ್ಟಿದ್ದಳು, ಮೇಲಿಂದ ಕೆಳಗಿನವರೆಗೆ, ಒಂದೊಂದೂ ಮುತ್ತಿನಂಥ ಕಾಜಾ. ಮಾಸ್ತರು ಬೈಯಲಿಲ್ಲ. ಕೋಟನ್ನು ಮಡಿಸಿ ತಮ್ಮ ಪಕ್ಕಕ್ಕೆ ಇಟ್ಟುಕೊಂಡರು.

ಅವಳು ಪಕ್ಕದ ಔಷಧಿ ಅಂಗಡಿಯಿಂದ ಅಕ್ಕನಿಗೆ ಫೋನ್ ಮಾಡಿದಳು.

"ಕೇಳಿದ್ಯಾ ಪುಟ್ಟಿ? ಹೇಗಿತ್ತು?"

"ಚೆನ್ನಾಗಿತ್ತು."

"ಚೆನ್ನಾಗಿದ್ದರೆ ದನಿ ಯಾಕೆ ಹಾಗಿದೆ?"

"ನಾನು ಹಾಗೆ ಅಂದಿರಲಿಲ್ಲ ಅಕ್ಕ."

"ಹೇಗೆ?"

"ಹೋಗ್ತೀನಿ ಅಂದಿರಲಿಲ್ಲ. ಹೋಗಿ ಬರ್ತೀನಿ ಅಂದಿದ್ದೆ."

ಆ ಕಡೆ ಯಾರೋ ಅಕ್ಕನನ್ನು ಕರೆಯುತ್ತಿದ್ದರು. ಅಕ್ಕ ಫೋನಿಗೆ ಕೈ ಮುಚ್ಚಿ ಏನೋ ಹೇಳಿ ಮತ್ತೆ ಬಂದಳು. "ಬರ್ತೀನಿ ಅಂದರೆ ಜನ ಕಾಯ್ತಾರೆ ಕಣೇ. ಅವಳು ಯಾವಾಗ ಬರ್ತಾಳೆ, ಯಾವಾಗ ಬರ್ತಾಳೆ ಅಂತ ಕೇಳ್ತಾನೇ ಇರ್ತಾರೆ. ಕಥೆ ಮುಂದೆ ಹೋಗಬೇಡವಾ?"

"ಕಾಯಲಿ ಬಿಡು. ಕಾಯೋರಿಗೇನು ಕಷ್ಟ."

ಕಾಜಮ್ಮನಿಗೇ ತನ್ನ ಮಾತು ಎಲ್ಲೋ ಚುಚ್ಚಿದ ಹಾಗಾಯಿತು. "ನೀನು ಗುಂಡಿ ತೆಗೀಲೇ ಇಲ್ಲವಲ್ಲ," ಎಂದಳು, ಮಾತು ತಿರುಗಿಸಲು.

"ರೇಡಿಯೋದಲ್ಲಿ ಯಾರೇ ಗುಂಡಿ ತೆಗೀತಾರೆ?" ಅಕ್ಕ ನಕ್ಕಳು. ನಗು ಬೇಗ ಮುಗಿಯಿತು.

ಅದೇ ನಾಟಕವನ್ನು ಜನ ಕೇಳಿದರೆಂದು ಮತ್ತೆ ಹಾಕಿದರು, ಮತ್ತೊಮ್ಮೆ ಹಾಕಿದರು. ಪ್ರತಿ ಸಲವೂ ಕಾಜಮ್ಮ ಕೆಲಸ ಬಿಟ್ಟು ಕಿವಿ ಕೊಟ್ಟಳು. ಮೇಜಿನ ಮೇಲಾಗಿದ್ದರೆ ಈ ಸಲ ಬೇರೆ ಗುಂಡಿ ಬರಬಹುದಿತ್ತು. ರೇಡಿಯೋದಲ್ಲಿ ಗಾಜು ಅದೇ ಜಾಗದಲ್ಲಿ ಒಡೆಯಿತು.

ಆಮೇಲೆ ಅದು ಚಿತ್ರಕಥೆಯ ಪುಸ್ತಕವಾಯಿತು. ಮಾಸ್ತರು ಒಂದು ಪ್ರತಿ ತಂದು ಅಂಗಡಿಯಲ್ಲಿಟ್ಟರು. ಓದು ಬಾರದಿದ್ದರೂ ಚಿತ್ರ ನೋಡಬಹುದಲ್ಲ ಎಂದು ಕಾಜಮ್ಮ ಪುಟ ಮಗುಚಿದಳು. ಲಾಟೀನಿನವಳಿಗೆ ಸೊಂಟವೇ ಇರಲಿಲ್ಲ, ಕೂದಲು ಮಾತ್ರ ಮೊಣಕಾಲಿನವರೆಗೆ. ಮೈಗಂಟಿದ ಉದ್ದನೆ ಅಂಗಿ.

"ಇದಕ್ಕೆ ಗುಂಡಿಯೇ ಇಲ್ಲ," ಎಂದಳು ಕಾಜಮ್ಮ.

ಇಸ್ತ್ರಿಯಣ್ಣ ಬಗ್ಗಿ ನೋಡಿದ. "ಕೊಕ್ಕೆಯೂ ಕಾಣಲ್ಲ. ಹಾಕ್ಕೊಂಡ ಮೇಲೆ ಬಿಚ್ಚೋದು ಹೇಗೆ?"

"ಮೈಮೇಲೇ ಹೊಲಿದಿರಬೇಕು," ಎಂದರು ಮಾಸ್ತರು. "ಪಾಪ, ಅದಕ್ಕೇ ಹಾರಿಕೊಂಡಿದ್ದಾಳೆ."

ಮೂವರೂ ನಕ್ಕರು. ಸೇತುವೆಯ ಪುಟದಲ್ಲಿ ಮಾತೇ ಇರಲಿಲ್ಲ. ಒಂದು ಚಿತ್ರದಲ್ಲಿ ಹಗ್ಗ, ಒಂದರಲ್ಲಿ ಕೈ, ಒಂದರಲ್ಲಿ ಬರೀ ಮಂಜು. ಆ ಮಂಜಿನ ಚಿತ್ರವನ್ನು ಅವಳು ಬಹಳ ಹೊತ್ತು ನೋಡಿದಳು. ಅದರೊಳಗೆ ಯಾರೂ ಸತ್ತ ಗುರುತಿರಲಿಲ್ಲ.

ಕಾಲ ನಡೆಯಿತು. ಯಂತ್ರಗಳಿಗೆ ಎಣ್ಣೆ ಹಾಕಲು ಬರುತ್ತಿದ್ದ ರಿಪೇರಿಯವನನ್ನು ಕಾಜಮ್ಮ ಮದುವೆಯಾದಳು. ಬದುಕಿರುವವರೆಗೆ ಅವಳನ್ನು ಒಂದು ಮಾತು ಅಂದವನಲ್ಲ, ಯಾಕೆಂದರೆ ಮಾತೇ ಆಡಿದವನಲ್ಲ. ಲಾಟೀನಿನವಳ ಸಂಗತಿಯನ್ನು ಅವಳು ಅವನಿಗೆ ಒಮ್ಮೆ ಹೇಳಿದ್ದಳು. ಪೂರ್ತಿ ಕೇಳಿ, "ಹಗ್ಗಕ್ಕೆ ಎಣ್ಣೆ ಹಾಕಬಾರದು, ಜಾರುತ್ತೆ," ಎಂದಿದ್ದ. ಅಷ್ಟು ಮನಸ್ಸಿಟ್ಟು ಕೇಳಿದವನು ಅವನೊಬ್ಬನೇ ಎಂದು ಅವಳಿಗೆ ಈಗಲೂ ಅನ್ನಿಸುತ್ತದೆ. ಅವನು ಹೋದ. ಮಾಸ್ತರು ಹೋದರು. ಅಂಗಡಿ ಮಾಸ್ತರ ಸೊಸೆಯ ಕೈಗೆ ಬಂತು. ಸಿದ್ಧ ಉಡುಪಿನ ಕಾಲ, ಆದರೂ ಕೋಟಿನ ಕಾಜಾ ಕೈಯಲ್ಲೇ ಆಗಬೇಕೆನ್ನುವ ಹಟದವರು ಕೆಲವರಿದ್ದರು. ಅವರಿಗಾಗಿ ಕಾಜಮ್ಮ ಇದ್ದಳು, ಮೇಜು ಇತ್ತು.

ಅಕ್ಕ ಬರಲೇ ಇಲ್ಲ ಎನ್ನುವ ಹಾಗಿಲ್ಲ. ಮಾಸ್ತರು ಹೋದಾಗ ಬಂದಳು, ತಂಗಿಯ ಗಂಡ ಹೋದಾಗಲೂ ಬಂದಳು. ಹೊರಗೆ ಕಾರು ನಿಂತಿರುತ್ತಿತ್ತು. ಅಂಗಡಿಗೆ ಬಂದು ಮೇಜಿನ ಅಂಚನ್ನು ಕೈಯಿಂದ ಸವರಿ, ನಿಂತೇ ಮಾತಾಡಿ ಹೋದಳು. ಬಂದಳು, ಕೂರಲಿಲ್ಲ. ಎರಡು ಸಲವೂ ಕಾಜಮ್ಮ ಡಬ್ಬಿ ಇರುವ ಗೂಡಿನ ಕಡೆ ನೋಡಿದ್ದಳು, ಅಕ್ಕ ಬೇರೆ ಕಡೆ ನೋಡಿದ್ದಳು. ತಂಗಿಗೆ ಬೇಕಾಗಿದ್ದದ್ದು ಇಷ್ಟೇ: ಅಕ್ಕ ಒಂದು ಸಲ ಡಬ್ಬಿಗೆ ಕೈ ಹಾಕಬೇಕು. ತಾನು ತೆಗೆದರೆ ಅದು ಮೋಸ. ಇನ್ನೊಬ್ಬರು ತೆಗೆದರೆ ಅದು ಆಟವಲ್ಲ. ಸೇತುವೆಯ ಮೇಲೆ ನಿಲ್ಲಿಸಿದವಳೇ ಇಳಿಸಬೇಕು.

ಕಥೆ ಸಿನಿಮಾ ಆಗಿದೆಯೆಂದು ಅಕ್ಕನ ಫೋನ್ ಬಂತು. "ನಿಮ್ಮಲ್ಲಿಯ ಥಿಯೇಟರಿಗೆ ನಾನೂ ಬರ್ತಿದ್ದೀನಿ, ಮಧ್ಯಾಹ್ನದ ಆಟಕ್ಕೆ. ಇಸ್ತ್ರಿಯಣ್ಣನನ್ನೂ ಕರ್ಕೊಂಡು ಬಾ." ಕಾಜಮ್ಮ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಗುಂಡಿ ಅಲ್ಲಾಡದಿರಲೆಂದು ಮೇಲೆ ಒಂದು ಚೂರು ಬಟ್ಟೆ ತುರುಕಿದಳು. ಆದರೂ ಥಿಯೇಟರಿನಲ್ಲಿ ಅವಳು ಕಾಲು ಬದಲಿಸಿದಾಗಲೆಲ್ಲ ಗಲ್ ಎನ್ನುತ್ತಿತ್ತು, ಹಿಂದಿನ ಸಾಲಿನವರು ಉಶ್ ಎನ್ನುತ್ತಿದ್ದರು.

ಅಕ್ಕ ಮುಂದಿನ ಸಾಲಿನಲ್ಲಿ, ಹಾರ ಹಾಕಿದವರ ಮಧ್ಯೆ ಕೂತಿದ್ದಳು. ಬಿಳಿಯ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿದ್ದಳು. ಕಾಜಮ್ಮನಿಗೆ ಹಿಂದಿನಿಂದ ಕತ್ತು ಮಾತ್ರ ಕಾಣುತ್ತಿತ್ತು. ಆ ಕತ್ತನ್ನು ಹಿಡಿದುಕೊಂಡೇ ಅವಳು ಚಿಕ್ಕಂದಿನಲ್ಲಿ ನಿದ್ದೆ ಹೋಗುತ್ತಿದ್ದದ್ದು.

ಸಿನಿಮಾದಲ್ಲಿ ಲಾಟೀನಿನವಳಿಗೆ ಒಬ್ಬ ಪ್ರಿಯಕರ ಬೇರೆ ಬಂದಿದ್ದ.

"ಇವನ್ಯಾರು?" ಇಸ್ತ್ರಿಯಣ್ಣ ಪಿಸುಗುಟ್ಟಿದ. "ನಮ್ಮ ಜೊತೆ ಇರಲಿಲ್ಲವಲ್ಲ."

"ನನಗೂ ಗೊತ್ತಿಲ್ಲ. ಸುಮ್ಮನಿರಿ."

"ನೀನು ನಮಗೆ ಹೇಳದೇ ಏನೇನು ಮಾಡ್ಕೊಂಡಿದ್ದೀಯೋ."

ಸೇತುವೆ ಬಂತು. ಪರದೆ ತುಂಬ ಕಮರಿ. ಲಾಟೀನಿನವಳು ಪ್ರಿಯಕರನ ಕಡೆ ತಿರುಗಿ ತುಟಿ ಅಲ್ಲಾಡಿಸಿದಳು, ಸಂಗೀತದಲ್ಲಿ ಮಾತು ಕೇಳಲಿಲ್ಲ. ಕಾಜಮ್ಮ ಆ ತುಟಿಯನ್ನೇ ನೋಡಿದಳು. ಬರ್ತೀನಿ ಎನ್ನಬೇಕಾದರೆ ತುಟಿ ಎರಡೂ ಕೂಡಬೇಕು. ಕೂಡಲಿಲ್ಲ. ಹಗ್ಗ ಹರಿಯಿತು. ಥಿಯೇಟರಿನಲ್ಲಿ ಮೂಗು ಸೇದುವ ಸದ್ದು. ಇಸ್ತ್ರಿಯಣ್ಣನೂ ಅಳುತ್ತಿದ್ದ.

"ಯಾಕೆ ಅಳ್ತೀರಿ? ನಾನು ಇಲ್ಲೇ ಕೂತಿದ್ದೀನಲ್ಲ," ಎಂದಳು ಕಾಜಮ್ಮ.

"ಗೊತ್ತಮ್ಮ. ಆದರೂ ನೀನು ಬಿದ್ದದ್ದು ನೋಡಿ ಬೇಜಾರಾಯ್ತು."

ಆಟ ಬಿಟ್ಟ ಮೇಲೆ ಜನ ಅಕ್ಕನನ್ನು ಮುತ್ತಿಕೊಂಡರು. ಇವರಿಬ್ಬರೂ ಮೆಟ್ಟಿಲ ಮೇಲೆ ಕಾದರು. ಅಕ್ಕ ಬಿಡಿಸಿಕೊಂಡು ಬಂದವಳು, "ಕಾರು ಬರೋದು ತಡ. ಬಸ್ ನಿಲ್ದಾಣದವರೆಗೆ ನಿಮ್ಮ ಜೊತೆ ಬರ್ತೀನಿ," ಎಂದಳು. ಮೂವರೂ ನಡೆದರು. ಇಸ್ತ್ರಿಯಣ್ಣ ಬೇಕೆಂದೇ ಹಿಂದೆ ಉಳಿದ.

ನಿಲ್ದಾಣದ ಬೆಳಕಿನಲ್ಲಿ ಕಾಜಮ್ಮನಿಗೆ ಕಂಡಿತು: ಅಕ್ಕನ ಕೋಟಿನ ನಡುವಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. "ಅಲ್ಲಾಡಬೇಡ," ಎಂದು ರವಿಕೆಯ ಅಂಚಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು. ನಿಂತಲ್ಲೇ ಹೊಲಿಯತೊಡಗಿದಳು. ಅಕ್ಕನ ಉಸಿರು ಹಣೆಗೆ ತಾಗುತ್ತಿತ್ತು.

"ಹೇಗಿತ್ತು ಪುಟ್ಟಿ?"

"ಚೆನ್ನಾಗಿತ್ತು."

"ನಿನ್ನ ಚೆನ್ನಾಗಿತ್ತು ನನಗೆ ಗೊತ್ತು."

ಕಾಜಮ್ಮ ಸೂಜಿ ಎಳೆದಳು. "ಎಲ್ಲರೂ ಸಾಯಿಸಿದರು ಅಕ್ಕ. ರೇಡಿಯೋದವರು, ಪುಸ್ತಕದವರು, ಈಗ ಈ ಸಿನಿಮಾದವರು. ಯಾರೂ ಗುಂಡಿ ತೆಗೀಲಿಲ್ಲ. ನನಗೆ ಅವಳು ಬದುಕಲೇಬೇಕು ಅಂತ ಹಟ ಇಲ್ಲ. ಹೇಗೆ ಬಂದಳು ಅನ್ನೋದು ಗೊತ್ತಾದರೆ ಸಾಕು. ಕುಂಟಿಕೊಂಡೇ ಬರಲಿ."

ಅಕ್ಕ ಬಸ್ಸು ಬರುವ ಕಡೆ ನೋಡುತ್ತಿದ್ದಳು. "ನೀನು ಡಬ್ಬಿ ತೆಗೀತೀಯ ಅಂತ ಹೆದರಿಕೊಂಡೇ ನಾನು ಆ ಮೇಜಿನ ಹತ್ತಿರ ಕೂರಲಿಲ್ಲ ಕಣೇ."

"ಡಬ್ಬಿಗೆ ಯಾಕೆ ಹೆದರಿಕೆ?"

"ಬರ್ತೀನಿ ಅಂದವಳನ್ನ ವಾಪಸ್ ಕರ್ಕೊಂಡು ಬರಬೇಕಲ್ಲ. ಅದು ನಮ್ಮ ಕಟ್ಟಳೆ. ಅದೇ ಹೊಸ್ತಿಲಲ್ಲಿ ನಿಂತು ನಾನೂ ಬರ್ತೀನಿ ಅಂದು ಹೋದೆ. ನಾನೇ ಬರದೆ, ಯಾವ ಮುಖ ಇಟ್ಟುಕೊಂಡು ಅವಳನ್ನ ಬರಿಸಲಿ?"

ಕಾಜಮ್ಮ ಗಂಟು ಹಾಕಿದಳು. ದಾರವನ್ನು ಹಲ್ಲಿನಿಂದ ಕಡಿಯಲು ಬಗ್ಗಿದಾಗ ಅವಳ ಕೆನ್ನೆ ಅಕ್ಕನ ಎದೆಗೆ ತಾಗಿತು. ಅಕ್ಕ ಅವಳ ತಲೆಯನ್ನು ಒಂದು ಗಳಿಗೆ ಅಲ್ಲೇ ಒತ್ತಿ ಹಿಡಿದಳು.

ಬಸ್ಸು ಬಂತು. "ಹತ್ತೋರು ಹತ್ತಿ, ಮಾತಾಡೋರು ಮಾತಾಡಿ. ಬಸ್ಸು ಎರಡಕ್ಕೂ ನಿಲ್ಲಲ್ಲ," ಎಂದ ಕಂಡಕ್ಟರ್. ಇಸ್ತ್ರಿಯಣ್ಣ ಮೊದಲೇ ಹತ್ತಿ ಅವಳಿಗೆ ಕಿಟಕಿಯ ಜಾಗ ಹಿಡಿದಿದ್ದ. ಕಾಜಮ್ಮ ಕೂತಳು, ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಕಿಟಕಿಯ ಸರಳಿನ ಆಚೆಗೆ ಹಿಡಿದಳು.

"ಅಕ್ಕ. ಮಂಜಿದೆ, ಹಗ್ಗ ಅಲ್ಲಾಡ್ತಿದೆ. ನಾನು ನಿಂತೇ ಇದ್ದೀನಿ."

ಅಕ್ಕ ಡಬ್ಬಿಯನ್ನು ನೋಡಿದಳು. ಕೈ ಎತ್ತಿದಳು, ಇಳಿಸಿದಳು. ಆಮೇಲೆ ಹಳೆಯ ಕಾಲದ ಹಾಗೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ಕೈ ಒಳಗೆ ಹಾಕಿದಳು. ಗುಂಡಿಗಳು ಗಲಗಲ ಎಂದವು. ಮುಷ್ಟಿ ಕಟ್ಟಿ ಹೊರಗೆ ತೆಗೆದಳು. ಬಸ್ಸು ಜರುಗಿತು.

ಅಕ್ಕನ ಬೆರಳು ಬಿಚ್ಚತೊಡಗಿತ್ತು.

"ಬಿಚ್ಚಬೇಡ," ಎಂದಳು ಕಾಜಮ್ಮ. ಅಷ್ಟು ಗಟ್ಟಿಯಾಗಿ ಅವಳು ಎಂದೂ ಮಾತಾಡಿರಲಿಲ್ಲ. "ಬೀದಿಯಲ್ಲಿ ತೆಗೆದದ್ದು ಲೆಕ್ಕಕ್ಕಿಲ್ಲ. ಮೇಜಿನ ಮೇಲೆ ಬಿಚ್ಚು."

ಅಕ್ಕ ಬಸ್ಸಿನ ಪಕ್ಕ ನಾಲ್ಕು ಹೆಜ್ಜೆ ಬಂದಳು. ಬಾಯಿ ತೆರೆದಳು. ಆ ಮಾತು ತುಟಿಯ ತನಕ ಬಂದದ್ದು ತಂಗಿಗೆ ಕಾಣಿಸಿತು, ತುಟಿ ಎರಡೂ ಕೂಡಿದ್ದವು. ಅಕ್ಕ ಆಡಲಿಲ್ಲ. ಹಾಗೇ ನುಂಗಿಕೊಂಡು, ಮುಷ್ಟಿಯನ್ನು ಕೋಟಿನ ಜೇಬಿನೊಳಗೆ ಇಳಿಸಿದಳು. ಈಗಷ್ಟೇ ಹಚ್ಚಿದ ಗುಂಡಿಯನ್ನು ಇನ್ನೊಂದು ಕೈಯಿಂದ ಕಾಜಾಕ್ಕೆ ತೂರಿಸಿದಳು. ಬಸ್ಸು ತಿರುಗಿತು.

"ಏನಂದಳು? ಬರ್ತೀನಿ ಅಂದಳಾ?" ಇಸ್ತ್ರಿಯಣ್ಣ ಕತ್ತು ಚಾಚಿದ್ದ.

"ಇಲ್ಲ. ಏನೂ ಅನ್ನಲಿಲ್ಲ."

"ಅಯ್ಯೋ, ಸ..." ಎಂದವನು ನಾಲಿಗೆ ಕಚ್ಚಿಕೊಂಡು ಡಬ್ಬಿಯನ್ನು ಹೆದರಿಕೆಯಿಂದ ನೋಡಿದ. ಕಾಜಮ್ಮನಿಗೆ ನಗು ಬಂತು. ನಗುತ್ತಿದ್ದ ಹಾಗೆಯೇ ಕಣ್ಣು ತುಂಬಿತು.

ಬರ್ತೀನಿ ಎಂದು ಸುಮ್ಮನೆ ಅನ್ನುವವರು ಎಷ್ಟು ಸಲೀಸಾಗಿ ಅಂದುಬಿಡುತ್ತಾರೆ ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿದಳು. ಅಕ್ಕ ಈ ಸಲ ಅನ್ನಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

"ಯಾವುದು ಬಂತು ಅಂತ ನಿನಗೆ ಗೊತ್ತಾಗುತ್ತಲ್ಲ," ಎಂದ ಇಸ್ತ್ರಿಯಣ್ಣ ಸ್ವಲ್ಪ ಹೊತ್ತಿನ ಮೇಲೆ. "ಉಳಿದವನ್ನ ಒಂದು ಸಲ ಸವರಿದರೆ ಆಯ್ತು. ಯಾವುದು ಕಮ್ಮಿ ಅಂತ ನಿನ್ನ ಬೆರಳು ಹೇಳಿಬಿಡುತ್ತೆ."

ಗೊತ್ತಾಗುತ್ತಿತ್ತು. ಆ ಡಬ್ಬಿಯ ಒಂದೊಂದು ಗುಂಡಿಯನ್ನೂ ಅವಳ ಬೆರಳು ಬಲ್ಲದು. ಡಬ್ಬಿ ಮಡಿಲಲ್ಲೇ ಇತ್ತು, ಮುಚ್ಚಳ ಇನ್ನೂ ತೆರೆದಿತ್ತು, ಬೆರಳುಗಳು ಅಂಚಿನ ತನಕ ಹೋಗಿದ್ದವು.

ಕಾಜಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಮುಚ್ಚಳ ಹಾಕಿ ಅಂಗೈಯಿಂದ ಒತ್ತಿ ಬಿಗಿ ಮಾಡಿದಳು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅವಳು ಮಾಸ್ತರ ಸೊಸೆಯ ಹತ್ತಿರ ಒಂದು ಹೊಸ ಟೇಪು ಕೇಳಿದಳು. ಯಾಕೆಂದು ಕೇಳಿದ್ದಕ್ಕೆ, "ಕಟ್ಟಿದ್ದನ್ನ ಮತ್ತೆ ಬಿಚ್ಚೋ ಹಾಗಿರಬಾರದು," ಎಂದಳು. ಹಳೆಯ ಎರಡು ಯಂತ್ರಗಳ ನಡುವೆ ಅದನ್ನು ಎಳೆದು ಕಟ್ಟಿ, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬಾಗಿಲು ಕಾಣುವ ಹಾಗೆ ತನ್ನ ಸ್ಟೂಲು ತಿರುಗಿಸಿಕೊಂಡು ಕಾಜಾ ಸುತ್ತಲು ಕೂತಳು.